ಹಸಿ ನೆಲದ ತಪಾಸಣಿ

ಮಾದರ ಶಂಕ್ರೆವ್ವನಿಗೆ ನಗು ಬಂತೆಂದರೆ ತಡೆಯಲು ಆಗುತ್ತಿರಲಿಲ್ಲ. ಹೊಲದಲ್ಲಿ ನಡು ಬಗ್ಗಿಸಿ ಜೋಳ ಕೊಯ್ಯುವಾಗ ಬರುತ್ತಿತ್ತು. ಗೌಡರ ಹಿತ್ತಲಲ್ಲಿ ಉಡಿಯೊಡ್ಡಿ ನಿಂತಾಗಲೂ ಬರುತ್ತಿತ್ತು. ಒಮ್ಮೆ ಮೇಲಿನಿಂದ ಒಗೆದ ರೊಟ್ಟಿ ಅವಳ ಉಡಿ ತಪ್ಪಿ ನಾಯಿಯ ಬಾಯಿಗೆ ಬಿತ್ತು. ಆಗ ಶಂಕ್ರೆವ್ವ ಬಿದ್ದು ಬಿದ್ದು ನಕ್ಕಳು. ಆ ನಗುವಿಗೆ ನಾಯಿಯೇ ಗಾಬರಿಯಾಗಿ ರೊಟ್ಟಿ ಬಿಟ್ಟು ಓಡಿತು. "ಈ ರಂಡಿಗೆ ಹಸಿವಿಲ್ಲ, ಮದ ಐತಿ" ಎಂದು ಗೌಡರ ಹೆಂಡತಿ ಬೈದು ಕದ ಹಾಕಿಕೊಂಡಳು. ಹಸಿವು ಇತ್ತು. ನಗುವೂ ಇತ್ತು. ಎರಡೂ ಒಂದೇ ಹೊಟ್ಟೆಯಲ್ಲಿದ್ದವು.

ಅವಳು ನಗದೆ ಬರುತ್ತಿದ್ದ ಜಾಗ ಒಂದೇ. ಅದು ಸಾಲಿ.

ಎಕ್ಕಿದಿನ್ನಿ ಸಿಂದಗಿ ಕಡೆಯ ಸಣ್ಣ ಊರು. ಕನ್ನೊಳ್ಳಿಯ ಆಚೆ ಬಸ್ಸಿಳಿದು, ಎರೆಹೊಲದ ಬಂಡಿಜಾಡು ಹಿಡಿದು ಬರಬೇಕು. ಊರಿಗೆ ಒಂದು ಸಾಲಿ. ಸಾಲಿಗೆ ಒಂದು ಕೋಣೆ, ಒಂದು ಬಾಗಿಲು, ಸರಳಿನ ಎರಡು ಕಿಟಕಿ, ಒಬ್ಬ ಮಾಸ್ತರ. ಚನ್ನಬಸಯ್ಯ ಮಾಸ್ತರರು ಹಣೆಗೆ ಮೂರು ಬೆರಳಿನ ವಿಭೂತಿ ಎಳೆದು, ಗೌಡರ ಓಣಿಯ ಮಕ್ಕಳನ್ನು ಒಳಗೆ ಕೂಡಿಸಿಕೊಂಡು ಕಲಿಸುತ್ತಿದ್ದರು. ಮಾದರ ಕೇರಿಯ ಮಕ್ಕಳು ಹೊರಗೆ ಬೇವಿನ ಮರದ ಕೆಳಗೆ. ಅವಕ್ಕೆ ಪಾಠವಿಲ್ಲ, ಕೆಲಸವಿತ್ತು. ಅಂಗಳ ಗುಡಿಸುವುದು, ಮಾಸ್ತರರ ಎಮ್ಮೆ ಕಾಯುವುದು, ದನದ ಸಗಣಿ, ಅಂದರೆ ಹೆಂಡಿ, ಆರಿಸಿ ಕುಳ್ಳು ತಟ್ಟುವುದು. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇದ್ದವು, ಇದ್ದರೆ ಸರ್ಕಾರ ಸಾಲಿಯನ್ನು ಮುಚ್ಚುವುದಿಲ್ಲ. ಆದರೆ ಆ ಹೆಸರುಗಳನ್ನು ಯಾರೂ ಕೂಗುತ್ತಿರಲಿಲ್ಲ. ಶಂಕ್ರೆವ್ವನ ಮಗಳು ಚಂದವ್ವನನ್ನು ಮಾಸ್ತರರು "ಏ ಹೆಂಡಿ" ಎಂದು ಕರೆಯುತ್ತಿದ್ದರು. ಹುಡುಗಿಯ ಕೈಯಲ್ಲಿ ಅವರು ಕಂಡದ್ದು ಅದೊಂದೇ.

ವರ್ಷಕ್ಕೊಮ್ಮೆ ಮಾಗಿಯಲ್ಲಿ ತಪಾಸಣೆ. ಸಿಂದಗಿಯಿಂದ ಇನಸ್ಪೆಕ್ಟರ್ ಸಾಹೇಬರು ಬರುತ್ತಾರೆ. ಮಾಸ್ತರರು ಹೇಗೆ ಕಲಿಸುತ್ತಾರೆ ಎಂದು ಕೂತು ನೋಡುತ್ತಾರೆ. ಅದಕ್ಕಾಗಿ ಮಾಸ್ತರರ ಬಳಿ ಒಂದು ಮಾದರಿ ಪಾಠ ಸದಾ ತಯಾರು. ಪಾಠದ ಹೆಸರು 'ಆಕಳು'. ಸಾಹೇಬರು ಬದಲಾಗುತ್ತಿದ್ದರು, ಆಕಳು ಬದಲಾಗುತ್ತಿರಲಿಲ್ಲ. ಕರಿಹಲಗೆಯ ಪಕ್ಕ ಆಕಳ ದೊಡ್ಡ ಚಿತ್ರ ತೂಗುತ್ತಿತ್ತು. ಮೊದಲು ಕೂತವನಿಗೆ ಒಂದು ಉತ್ತರ, ಅವನ ಪಕ್ಕದವನಿಗೆ ಇನ್ನೊಂದು. ಹೀಗೆ ಸಾಲಿಗೆ ಸಾಲೇ ಉತ್ತರ ಹಂಚಿಕೊಂಡು ತಿಂಗಳುಗಟ್ಟಲೆ ಗಟ್ಟಿ ಮಾಡುತ್ತಿತ್ತು. ಮಾಸ್ತರರು ಬೆರಳು ತೋರಿಸಿದರೆ ಸಾಕು, ಉತ್ತರ ಪಟಪಟ ಉದುರುತ್ತಿದ್ದವು.

ತಪಾಸಣೆಗೆ ಮುಂಚೆ ನೆಲ ಸಾರಿಸಬೇಕು. ಮಣ್ಣಿನ ನೆಲ, ವರ್ಷವಿಡೀ ಕಿತ್ತು ಹೋಗಿರುತ್ತದೆ. ಅದು ಮನೆಯಲ್ಲ, ಗುಡಿಯಲ್ಲ, ಸರ್ಕಾರದ್ದು, ಹಾಗಾಗಿ ಮಾದರ ಹೆಂಗಸರಿಗೆ ಬಿಟ್ಟಿ ಕೆಲಸ. ಅವತ್ತೊಂದು ದಿನ ಅವರು ಒಳಗೆ ಬರಬಹುದು, ಮೂಲೆ ಮೂಲೆಯನ್ನೂ ಮುಟ್ಟಬಹುದು. ಅವತ್ತು ಮೈಲಿಗೆಗೆ ರಜೆ. ಅವರು ಎದ್ದು ಹೋದ ಮೇಲೆ ಮಾಸ್ತರರು ನಾಲ್ಕು ಹನಿ ಗೋಮೂತ್ರ ಸಿಂಪಡಿಸಿ ಮೈಲಿಗೆಯನ್ನು ಮತ್ತೆ ಕೆಲಸಕ್ಕೆ ಕರೆಯುತ್ತಿದ್ದರು. ಆಕಳಿನ ಹೆಂಡಿಯನ್ನು ಶಂಕ್ರೆವ್ವ ಸಾರಿಸುವುದು, ಅದೇ ಆಕಳಿನ ಗಂಜಲವನ್ನು ಶಂಕ್ರೆವ್ವನ ಮೇಲಿನ ಹೇಸಿಕೆಗೆ ಚಿಮುಕಿಸುವುದು. ಇದಕ್ಕೆ ನಗಬೇಕೋ ಬೇಡವೋ ನೀವೇ ಹೇಳಿ. ಶಂಕ್ರೆವ್ವ ಮಾತ್ರ ಇದಕ್ಕೆ ನಕ್ಕಿರಲಿಲ್ಲ.

ಆ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ. ಬಸ್ಸುಗಳು ಹೊತ್ತಿಗೆ ಸರಿಯಾಗಿ ಬರುತ್ತವೆ ಎಂದು ಎಲ್ಲರೂ ಹೊಗಳುತ್ತಿದ್ದರು. ಎಕ್ಕಿದಿನ್ನಿಗೆ ಬಸ್ಸೇ ಇರಲಿಲ್ಲ. ಆದರೆ ಒಂದು ಸುದ್ದಿ ಬಂತು. ಹೊಸ ಸಾಹೇಬರು ಹರಿಜನ ಮಕ್ಕಳನ್ನು ಬೇರೆ ಕೂಡಿಸಿದ ಮಾಸ್ತರರನ್ನು ಸುಮ್ಮನೆ ಬಿಡುವುದಿಲ್ಲವಂತೆ. ಮುಂದಿನ ಸಾಲಿನಲ್ಲೇ ಕೂಡಿಸಬೇಕಂತೆ. ಚನ್ನಬಸಯ್ಯ ಮಾಸ್ತರರು ಒಂದು ರಾತ್ರಿ ವಿಚಾರ ಮಾಡಿ ಉಪಾಯ ಕಂಡುಕೊಂಡರು. ಕೇರಿಯ ಅಂಚಿಗೆ ಬಂದು, ದೂರದಲ್ಲೇ ನಿಂತು ಕೂಗಿದರು.

"ಏ ಶಂಕ್ರಿ, ನಾಳಿ ನಸಿಕಿನ್ಯಾಗ ಬಂದು ಸಾಲಿ ಸಾರಿಸಿ ಹೋಗ್ರಿ. ಆಮ್ಯಾಲ ಹುಡುಗರನ್ನೆಲ್ಲ ಹೊಲಕ್ಕ ಕರಕೊಂಡ ಹೋಗ್ರಿ. ಸಾಹೇಬ್ರು ಹೋಗೂತನಾ ಒಂದ ಹುಡುಗೂ ಈ ಕಡಿ ಸುಳೀಬಾರ್ದು. ಸುಗ್ಗಿಗೆ ಹೋಗ್ಯಾವು ಅಂತ ನಾ ಹೇಳ್ತೇನಿ."

"ಆತ್ರಿ" ಎಂದಳು ಶಂಕ್ರೆವ್ವ. ಆತ್ರಿ ಎನ್ನುವುದು ಆ ಕೇರಿಯ ಬಾಯಿಗೆ ರೂಢಿ.

ಆದರೆ ಅದೇ ವಾರ ಇನ್ನೊಂದು ಸಂಗತಿ ನಡೆದಿತ್ತು. ಚಂದವ್ವ ಮಧ್ಯಾಹ್ನ ಮನೆಗೆ ಓಡಿ ಬಂದಿದ್ದಳು. ಅಂಗೈ ಮೇಲೆ ಬಾಸುಂಡೆ ಎದ್ದಿತ್ತು. ಊಟದ ಬಿಡುವಿನಲ್ಲಿ ಒಳಗೆ ಯಾರೂ ಇಲ್ಲದಾಗ ಹೋಗಿ ಆಕಳ ಚಿತ್ರದ ಕೆಳಗೆ ಕೂತಿದ್ದಳಂತೆ. ಸುಮ್ಮನೆ ಕೂತಿದ್ದಳು, ಅಷ್ಟೇ. ಒಳಗೆ ಕೂತರೆ ಹೇಗಿರುತ್ತದೆ ಎಂದು ನೋಡಲು.

"ಬೆತ್ತ ತೊಳದ್ರವ್ವ" ಎಂದಳು ಹುಡುಗಿ.

"ಏನ ತೊಳದ್ರು?"

"ನನಗ ಹೊಡದ ಬೆತ್ತ. ಬಾಂವಿ ನೀರು ತರಿಸಿ ತೊಳದ್ರು. ಬಿಸಲಾಗ ಒಣಗ ಹಾಕ್ಯಾರ."

ಶಂಕ್ರೆವ್ವನಿಗೆ ನಗು ಬಂದೇ ಬಿಟ್ಟಿತು. ಬೆತ್ತಕ್ಕೆ ಸ್ನಾನ! ಅಂಗಿ ಧೋತರದಂತೆ ಬೆತ್ತವನ್ನು ಬಿಸಿಲಿಗೆ ಒಣಗಿಸುವುದು! ತಾಯಿ ನಕ್ಕಳು, ಮಗಳು ನಕ್ಕಳು, ಇಬ್ಬರೂ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡರು. ನಗುತ್ತ ನಗುತ್ತಲೇ ಶಂಕ್ರೆವ್ವ ಮಗಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಆಗ ನಿಂತಿತು ನಗು.

"ನನಗ ಒಳಗ ಕುಂದ್ರೂದೈತವ್ವ" ಎಂದಳು ಚಂದವ್ವ. "ಒಂದ ದಿನಾ ಅಲ್ಲ. ದಿನಾಲೂ."

ಶಂಕ್ರೆವ್ವ ಆ ಬಾಸುಂಡೆಗೆ ಎಣ್ಣೆ ಹಚ್ಚಿದಳು. ಹಚ್ಚುವಾಗ ಅವಳಿಗೆ ಸಿಟ್ಟು ಬಂತು.

ತಪಾಸಣೆಯ ದಿನ ಬೆಳ್ಳಂಬೆಳಗ್ಗೆ ಹೆಂಗಸರು ಹೆಂಡಿಯ ಬುಟ್ಟಿ ಹೊತ್ತು ಬಂದರು. ಶಂಕ್ರೆವ್ವ, ಪಕ್ಕದ ಮನೆಯ ಮುದುಕಿ ಲಕ್ಕವ್ವ, ಇನ್ನಿಬ್ಬರು. ಮಕ್ಕಳು ನೀರಿನ ಕೊಡ ಎತ್ತಿಕೊಂಡು ಬಂದವು. ಮಾಸ್ತರರು ಬೀಗ ತೆಗೆದು, ಜಳಕಕ್ಕೆಂದು ಮನೆಗೆ ಹೋದರು. ಹೆಂಡಿಯನ್ನು ಕಲಸಿದ್ದಾಯಿತು. ಮಾಗಿಯ ಚಳಿಗೆ ಬೆರಳು ಸೆಟೆದವು. ಹೆಂಡಿ ಕೈಯ ಬಿರುಕುಗಳಲ್ಲಿ ಇಳಿದು ಚುರುಗುಟ್ಟಿತು.

ನೆಲ ಸಾರಿಸುವವರಿಗೆ ಒಂದು ಪದ್ಧತಿ ಇದೆ. ಒಳಗಿನ ಗೋಡೆಯಿಂದ ಶುರು ಮಾಡಬೇಕು. ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಅತ್ತ ಇತ್ತ ತಿರುಗಿಸುತ್ತ, ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರಬೇಕು. ಕೊನೆಗೆ ಹೊಸ್ತಿಲಾಚೆ ನಿಂತು ಕೊನೆಯ ಪಟ್ಟಿ ಎಳೆಯಬೇಕು. ಇಲ್ಲದಿದ್ದರೆ ಹಸಿಯ ಮೇಲೆ ಹೆಜ್ಜೆ ಮೂಡುತ್ತದೆ. ಹೀಗೆ ಸಾರಿಸಿದವಳು ಯಾವಾಗಲೂ ಹೊರಗೇ ಉಳಿಯುತ್ತಾಳೆ. ಇಷ್ಟು ವರ್ಷ ಶಂಕ್ರೆವ್ವ ತನ್ನ ಕೈಯಿಂದಲೇ ತನ್ನನ್ನು ಹೊರಗೆ ಹಾಕಿಕೊಳ್ಳುತ್ತಿದ್ದಳು.

ಅದು ಅವಳಿಗೆ ಆ ಬೆಳಿಗ್ಗೆ ಹೊಳೆಯಿತು. ಕೈಯಲ್ಲಿ ಹೆಂಡಿಯ ಮುದ್ದೆ ಹಿಡಿದೇ ನಿಂತಳು. ಚಂದವ್ವ ಆಕಳ ಚಿತ್ರದ ಮುಂದೆ ನಿಂತಿದ್ದಳು. ಶಂಕ್ರೆವ್ವ ಮಗಳನ್ನು ನೋಡಿದಳು, ನೆಲ ನೋಡಿದಳು, ಬಾಗಿಲು ನೋಡಿದಳು. ಒಳಗಿನಿಂದ ನಗು ಏಳತೊಡಗಿತು.

ಮಕ್ಕಳನ್ನೆಲ್ಲ ಒಳಗೆ ಕರೆದು, ಸೀದಾ ಹೊಸ್ತಿಲಿಗೆ ಹೋಗಿ ಮೊದಲ ಮುದ್ದೆಯನ್ನು ಅಲ್ಲಿ ಹಚ್ಚಿದಳು.

"ಏ ಹುಚ್ಚಿ, ಬಾಕಲಿಂದ ಯಾಕ ಹಿಡದಿ?" ಎಂದಳು ಲಕ್ಕವ್ವ. "ಹೊರಗ ಹೆಂಗ ಹೋಗ್ತೀವು?"

"ಹೋಗೂದಿಲ್ಲ."

ಲಕ್ಕವ್ವ ಬಾಯಿ ತೆರೆದು ನಿಂತಳು. ಆ ಬಾಯಲ್ಲಿ ಎಲೆಯಡಿಕೆ ಕಾಣುತ್ತಿತ್ತು. ಇನ್ನಿಬ್ಬರಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಕೂಡಲೇ ಒಬ್ಬಳು "ಎವ್ವಾ ನನ್ನವ್ವಾ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದಳು. ಆಮೇಲೆ ನಾಲ್ಕೂ ಜನ ಕೂಡಿ ಸಾರಿಸತೊಡಗಿದರು. ಅಷ್ಟು ಹುರುಪಿನಲ್ಲಿ ಆ ನೆಲವನ್ನು ಅವರು ಎಂದೂ ಸಾರಿಸಿರಲಿಲ್ಲ. ಒದ್ದೆ ಸೀರೆ ತೊಡೆಗೆ ಅಂಟಿತು, ಮೊಳಕಾಲು ನೊಂದವು, ಆದರೂ ಕೈ ಕುಣಿಯುತ್ತಿದ್ದವು. ಹೊಸ್ತಿಲಿನಿಂದ ಒಳಕ್ಕೆ, ಒಳಕ್ಕೆ, ಕರಿಹಲಗೆಯವರೆಗೆ. ಹಲಗೆಯ ಕೆಳಗೆ ಒಂದು ಒಣ ಪಟ್ಟಿ ಬಿಟ್ಟರು. ಅಲ್ಲಿ ಮಕ್ಕಳನ್ನು ಮುಂದೆ ಕೂಡಿಸಿ ತಾವು ಹಿಂದೆ ಕೂತರು. ಲಕ್ಕವ್ವನಿಗೆ ನೆಲದ ಮೇಲೆ ಜಾಗ ಸಾಲಲಿಲ್ಲ. ಅವಳು ಮಾಸ್ತರರ ಟ್ರಂಕಿನ ಮೇಲೆ ಏರಿ ಕೂತಳು. ಹಾಜರಿ ಪುಸ್ತಕವೂ ಬೆತ್ತವೂ ಆ ಟ್ರಂಕಿನೊಳಗೇ ಇದ್ದವು.

ಬಿಸಿಲೇರಿದ ಮೇಲೆ ಮಾಸ್ತರರು ಬಂದರು. ಜೊತೆಗೆ ಸಾಲಿ ಕಮಿಟಿಯ ಬಸಂತರಾಯಗೌಡರು. ಹಿಂದೆ ಗೌಡರ ಓಣಿಯ ಮಕ್ಕಳು, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಯಲ್ಲಿ ಅವರವರ ಉತ್ತರ. ಮಾಸ್ತರರು ಹೊಸ್ತಿಲಿಗೆ ಬಂದು ಒಳಗೆ ನೋಡಿದರು. ಹಸಿ ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಾಚೆ ಮಾದರ ಕೇರಿ ಕೂತಿತ್ತು.

"ಏ ಶಂಕ್ರಿ! ಏನಿದು? ಹೊರಗ ಬಾ!"

"ಹೆಂಗ ಬರ್ಲಿರಿ? ನೆಲ ಹಸಿ ಐತಿ. ಹೆಜ್ಜಿ ಮೂಡ್ತಾವು. ಸಾಹೇಬ್ರು ನೋಡಿದ್ರ ಬೈತಾರ್ರಿ."

"ಬಾಕಲದಿಂದ ಯಾಕ ಸಾರಿಸಿದಿ?"

"ಮರ್ತ್ನೆರಿ" ಎಂದಳು ಶಂಕ್ರೆವ್ವ. ಅವಳ ಹಿಂದೆ ಯಾರೋ ಕಿಸಕ್ಕೆಂದರು.

"ಹಾರಿ ಬಾರಲೇ!" ಎಂದು ಗೌಡರು ಗುಡುಗಿದರು.

"ನಾ ಏನ ಮಂಗ್ಯಾ ಏನ್ರಿ ಗೌಡ್ರ?"

ಮಾಸ್ತರರಿಗೆ ರೇಗಿತು. ಧೋತರ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟರು. ಕಾಲು ಸರ್ರನೆ ಜಾರಿತು. ಅರ್ಧ ಕೂತಂತಾಗಿ, ಚೌಕಟ್ಟು ಹಿಡಿದು ತೂಗಾಡಿ, ಕಷ್ಟಪಟ್ಟು ಹೊರಗೆ ಬಂದರು. ಹಿಮ್ಮಡಿಗೆ ಹೆಂಡಿ ಮೆತ್ತಿತ್ತು. ನೆಲದ ಮೇಲೆ ಉದ್ದನೆಯ ಗೀರು ಬಿದ್ದಿತ್ತು.

"ಅಯ್ಯ, ಬರಬ್ಯಾಡ್ರಿ" ಎಂದಳು ಶಂಕ್ರೆವ್ವ. "ಇನ್ನೊಮ್ಮಿ ಸಾರಸಬೇಕಾಗತೈತಿ."

ಅಷ್ಟರಲ್ಲಿ ಎತ್ತಿನ ಗೆಜ್ಜೆಯ ಸದ್ದು ಕೇಳಿತು. ಸಾಹೇಬರು ಮಧ್ಯಾಹ್ನಕ್ಕೆ ಬರುತ್ತಾರೆ ಎಂದಿತ್ತು. ಆದರೆ ಬಂಡಿ ಹೊಡೆಯುವ ಮಶಾಕಸಾಬನ ಎತ್ತುಗಳಿಗೆ ತುರ್ತು ಪರಿಸ್ಥಿತಿ ಬೇಕಾಗಿರಲಿಲ್ಲ, ಅವು ಸದಾ ಓಡುತ್ತಿದ್ದವು.

ಸಾಹೇಬರು ದಪ್ಪಗಿದ್ದರು. ಮುದ್ದೇಬಿಹಾಳದಿಂದ ಹೊಸದಾಗಿ ವರ್ಗವಾಗಿ ಬಂದವರು. ಉಣ್ಣೆಯ ಕೋಟು, ಕೊರಳಿಗೆ ಮಫ್ಲರು. ಬಂಡಿಯ ಕುಲುಕಾಟಕ್ಕೆ ನಡು ಹಿಡಿದಿತ್ತು, ಹೊಟ್ಟೆ ಹಸಿದಿತ್ತು. ಹಾರ ಹಾಕಿಸಿಕೊಂಡು ಸೀದಾ ಬಾಗಿಲಿಗೆ ಬಂದರು. ಒಳಗೆ ಇಣುಕಿದರು. ಮುಂದಿನ ಸಾಲಿನಲ್ಲಿ ಹರಕು ಅಂಗಿಯ ಮಕ್ಕಳನ್ನು ನೋಡಿ ಅವರ ಮುಖ ಅರಳಿತು.

"ಹರಿಜನ ಹುಡುಗರೇನ್ರಿ ಇವು?"

ಮಾಸ್ತರರು ಗೌಡರ ಮುಖ ನೋಡಿದರು. "ಹೌ... ಹೌದ್ರಿ ಸರ್."

"ಶಾಬ್ಬಾಸ್! ಎಲ್ಲಾ ಮುಂದಿನ ಸಾಲಿನ್ಯಾಗ! ನಾ ಇಷ್ಟ ಊರು ನೋಡೇನಿ, ಹಿಂಗ ಎಲ್ಲೂ ಕಂಡಿಲ್ಲ. ಹಿಂದ ಕುಂತ ಹೆಣ್ಣಮಕ್ಕಳು ಯಾರು?"

"ಪಾ... ಪಾಲಕರ್ರಿ."

"ಪಾಲಕರನ್ನೂ ಕರಸೀರಿ! ಭೇಷ್ ಮಾಸ್ತರ, ಭೇಷ್!" ಎಂದು ಸಾಹೇಬರು ಮಾಸ್ತರರ ಬೆನ್ನು ತಟ್ಟಿದರು. ಬಸಂತರಾಯಗೌಡರ ಮುಖ ಸುಟ್ಟ ಬದನೆಕಾಯಿಯಂತಾಯಿತು. ಏನು ಹೇಳುತ್ತಾರೆ? ಅವರನ್ನು ಹೊರಗೆ ಹಾಕಿರಿ ಎಂದರೆ ತಾವೇ ಸಿಕ್ಕಿಬೀಳುತ್ತಾರೆ. ಒಳಗೆ ಶಂಕ್ರೆವ್ವ ತುಟಿ ಕಚ್ಚಿ ಕಚ್ಚಿ ನಗು ತಡೆದಳು. ಅವಳ ಭುಜ ಕುಲುಕುತ್ತಿದ್ದವು. ಅದು ಅಂಟುರೋಗದಂತೆ ಪಕ್ಕದವಳಿಗೂ ತಾಗಿತು.

ಸಾಹೇಬರಿಗೆ ಅಂಗಳದಲ್ಲಿ ಬಾಗಿಲ ಬಳಿ ಕುರ್ಚಿ ಹಾಕಿದರು. "ಹಂಗಾರ ಪಾಠ ನಡೀಲಿ. ನೆಲ ಹಸಿ ಇದ್ರ ಇರ್ಲಿ, ಇಲ್ಲಿಂದನ ಮಾಡ್ರಿ" ಎಂದರು ಅವರು.

ಮಾಸ್ತರರು ಹೊಸ್ತಿಲ ಮೇಲೆ ನಿಂತು ಆಕಳ ಪಾಠ ಶುರು ಮಾಡಿದರು. ತರಬೇತಾದ ಗೌಡರ ಓಣಿಯ ಮಕ್ಕಳು ಎರಡೂ ಕಿಟಕಿಯ ಸರಳಿಗೆ ನೇತಾಡುತ್ತಿದ್ದವು. ಸಾಲು ಕೆಟ್ಟು ಹೋಗಿತ್ತು. ಯಾರ ಪಕ್ಕ ಯಾರು ಎನ್ನುವುದೇ ಗೊತ್ತಾಗದು. ಮಾಸ್ತರರು ಬೆರಳು ಎತ್ತಿದರೂ ಅದು ಯಾರ ಕಡೆಗೆ ಎಂದು ತಿಳಿಯದು.

"ಮಕ್ಕಳೇ, ಆಕಳು ಏನನ್ನು ತಿನ್ನುತ್ತದೆ?"

"ಎರಡು ಕೋಡು, ಒಂದು ಬಾಲ!" ಎಂದು ಗೌಡರ ಮೊಮ್ಮಗ ಎಡಗಿಟಕಿಯಿಂದ ಕೂಗಿದ.

ಸಾಹೇಬರು ಹುಬ್ಬೇರಿಸಿದರು. "ಆಕಳಿಗೆ ಎಷ್ಟು ಕಾಲು?" ಎಂದು ತಾವೇ ಕೇಳಿದರು.

"ಹಾಲು, ಮೊಸರು, ಬೆಣ್ಣೆ, ತುಪ್ಪ!" ಬಲಗಿಟಕಿ.

"ತುಪ್ಪ ಯಾವುದರಿಂದ ಬರುತ್ತದೆ?" ಮತ್ತೆ ಸಾಹೇಬರು.

"ಅದು ಸಾಧು ಪ್ರಾಣಿ!"

ಬಂಡಿಯ ನೊಗಕ್ಕೆ ಒರಗಿ ನಿಂತಿದ್ದ ಮಶಾಕಸಾಬ ಮೊದಲು ನಕ್ಕ. ಆಮೇಲೆ ಶಂಕ್ರೆವ್ವನಿಗೆ ಆಗಲೇ ಇಲ್ಲ. ಕಟ್ಟೆ ಒಡೆದಂತೆ ನಗು ನುಗ್ಗಿ ಬಂತು. ಲಕ್ಕವ್ವ ಟ್ರಂಕಿನ ಮೇಲೆ ಕುಪ್ಪಳಿಸಿದಳು. ಕೇರಿಯ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದವು. ಕಿಟಕಿಯ ಮಕ್ಕಳೂ ನಗತೊಡಗಿದವು. ಪಾಪ, ಅವುಗಳದೇನು ತಪ್ಪು? ಕೊಟ್ಟ ಉತ್ತರವನ್ನು ಪ್ರಾಮಾಣಿಕವಾಗಿ ಹೇಳಿದ್ದವು. ಯಾವ ಪ್ರಶ್ನೆಗೆ ಎಂದು ಯಾರೂ ಅವಕ್ಕೆ ಕಲಿಸಿರಲಿಲ್ಲ.

"ಸಾಕ!" ಎಂದರು ಸಾಹೇಬರು. ಹಸಿವಿನಿಂದ ಅವರಿಗೆ ಸಿಟ್ಟೂ ಬಂದಿತ್ತು. "ಕಿಟಕ್ಯಾಗಿನವ್ರು ಬಾಯಿ ಮುಚ್ಚರಿ. ಮಾಸ್ತರ, ಒಳಗಿನ ಹುಡುಗರನ್ನ ಕೇಳ್ರಿ. ಹೆಸರ ಹಿಡದ ಕರದು ಕೇಳ್ರಿ. ಪಾಠದ ಪದ್ಧತಿ ಅದು."

ಮಾಸ್ತರರು ಒಳಗೆ ನೋಡಿದರು. ಮುಂದೆ ಚಂದವ್ವ ಕೂತಿದ್ದಳು. ಮೂರನೆಯ ಇಯತ್ತೆಯ ಹುಡುಗಿ. ಮೂರು ವರ್ಷ ಅವರ ಅಂಗಳ ಗುಡಿಸಿದವಳು. ಅವರ ಎಮ್ಮೆಯ ಹೆಸರು ಅವರಿಗೆ ಗೊತ್ತಿತ್ತು, ಗಂಗಿ. ಈ ಹುಡುಗಿಯ ಹೆಸರು?

"ಏ... ನೀನು... ನೀ ಹೇಳು."

"ಹೆಸರ ಹಿಡದು" ಎಂದರು ಸಾಹೇಬರು.

ಮಾಸ್ತರರು ಪಕ್ಕದ ಹುಡುಗನನ್ನು ನೋಡಿದರು. ಅವನ ಹೆಸರೂ ಬರಲಿಲ್ಲ. ಅವನ ಪಕ್ಕದವಳದ್ದೂ ಇಲ್ಲ. ಹಾಜರಿ ಪುಸ್ತಕ ಟ್ರಂಕಿನಲ್ಲಿ, ಟ್ರಂಕು ಲಕ್ಕವ್ವನ ಕೆಳಗೆ, ನಡುವೆ ಹಸಿ ನೆಲ. ಮಾಸ್ತರರ ವಿಭೂತಿ ಬೆವರಿಗೆ ಇಳಿಯತೊಡಗಿತು. ಅಂಗಳದಲ್ಲಿ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಆಗ ಅವರು ಶಂಕ್ರೆವ್ವನ ಕಡೆಗೆ ತಿರುಗಿದರು. ದನಿಯನ್ನು ಬೆಣ್ಣೆ ಮಾಡಿಕೊಂಡರು.

"ಶಂಕ್ರೆವ್ವಾ" ಎಂದರು. ಹುಟ್ಟಿದಾಗಿನಿಂದ ಗೌಡರ ಓಣಿಯ ಯಾರೂ ಅವಳನ್ನು ಇಡೀ ಹೆಸರಿನಿಂದ ಕರೆದಿರಲಿಲ್ಲ. "ನಿನ್ನ ಮಗಳ ಹೆಸರು ಒಂದಿಷ್ಟ ಹೇಳವ್ವಾ."

ಹೇಳಿದ್ದರೆ ಮುಗಿಯುತ್ತಿತ್ತು. ಆತ್ರಿ ಎನ್ನುವ ರೂಢಿ ಅವಳ ನಾಲಿಗೆಯ ತುದಿಗೂ ಬಂದಿತ್ತು. ಗೌಡರ ಹೊಲದಲ್ಲಿ ನಾಳೆಯ ಕೆಲಸ, ಹಿತ್ತಲಿನ ರೊಟ್ಟಿ, ಕೇರಿಯ ಗುಡಿಸಲು ನಿಂತ ಜಾಗ ಎಲ್ಲ ಕಣ್ಣ ಮುಂದೆ ಬಂದವು. ಅವಳಿಗೆ ಅಂಜಿಕೆಯಾಯಿತು. ನಿಜವಾಗಿಯೂ ಅಂಜಿಕೆಯಾಯಿತು. ಆದರೆ ಮುಂದೆ ಕೂತ ಚಂದವ್ವ ಹಿಂತಿರುಗಿ ತಾಯಿಯ ಮುಖ ನೋಡಿದಳು.

"ಹೇಳೂದಿಲ್ರಿ" ಎಂದಳು ಶಂಕ್ರೆವ್ವ.

"ಏನು?"

"ಹೆಸರ ಇಡೂ ಕೆಲಸ ನಂದು. ಇಟ್ಟೇನಿ. ಕರಿಯೂ ಕೆಲಸ ನಿಮ್ದು. ನೀವ ಕರೀರಿ."

ಸಾಹೇಬರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರಿಗೆ ಈಗ ಎಲ್ಲ ತಿಳಿಯಿತು. ಶಾಬ್ಬಾಸ್ ಎಂದ ನಾಲಿಗೆ ಅವರ ಬಾಯಲ್ಲೇ ಇತ್ತು, ಬೆನ್ನು ತಟ್ಟಿದ ಕೈ ಅವರ ತೊಡೆಯ ಮೇಲಿತ್ತು. ಏನು ಮಾಡಬೇಕು ತೋಚದೆ ಗೌಡರನ್ನು ನೋಡಿದರು. ಗೌಡರು ಅದನ್ನೇ ಕಾಯುತ್ತಿದ್ದರು.

"ಸಾಹೇಬ್ರ, ಊಟ ಆರತೈತ್ರಿ. ಹೋಳಿಗಿ ಮಾಡಸೇವಿ."

"ಹೌದ್ರಿ, ಹೌದ್ರಿ" ಎಂದು ಸಾಹೇಬರು ಬೇಗ ಎದ್ದರು. "ಊಟಾ ಮಾಡಿ ಬರೂಣು. ಉಳದದ್ದ ಆಮ್ಯಾಲ ನೋಡೂಣ."

ಸರ್ಕಾರ ಹೋಳಿಗೆಯ ಕಡೆ ಹೊರಟಿತು. ಇಷ್ಟಕ್ಕೇ ಬಿಟ್ಟಿದ್ದರೆ ಅವಳು ಶಂಕ್ರೆವ್ವ ಆಗುತ್ತಿರಲಿಲ್ಲ.

"ಸಾಹೇಬ್ರ! ಪಾಠ ಹೆಂಗಿತ್ತು ಹೇಳಿ ಹೋಗ್ರಿ!"

"ಅದು ವರದ್ಯಾಗ ಬರತೈತವಾ. ಮ್ಯಾಲ ಕಳಸ್ತೇವಿ."

"ನಿಮ್ಮ ವರದಿ ಮ್ಯಾಲ ಹೋಗ್ಲಿ. ನಮ್ದು ಇಲ್ಲೇ ಕೇಳ್ರಿ." ಅವಳು ಎದ್ದು ನಿಂತಳು. ಮೊಳಕೈವರೆಗೆ ಹೆಂಡಿ ಒಣಗಿ ಬಿರಿದಿತ್ತು. "ನಾ ಕಳೆ ತಗದ್ರ ಸಂಜಿಕ ಗೌಡ್ರು ಬಂದು ಸಾಲ ಸಾಲ ನೋಡ್ತಾರ. ಒಂದ ಕಡ್ಡಿ ಉಳದ್ರ ನನ್ನ ಅವ್ವನ್ನ ಎತ್ತಿ ಬೈತಾರ. ನಾ ನೆಲ ಸಾರಿಸಿದ್ರ ಮಾಸ್ತರು ಮೂಲಿ ಮೂಲಿ ನೋಡ್ತಾರ. ನಮ್ಮ ಕೆಲಸಾ ನೋಡಾಕ ಊರ ಐತಿ. ಇವ್ರ ಕೆಲಸಾ ಯಾರ ನೋಡ್ಯಾರ? ಇವತ್ತ ನಾ ನೋಡೇನಿ. ಮೂರ ವರ್ಷದಾಗ ನನ್ನ ಮಗಳಿಗೆ ಹೆಂಡಿ ಆರಿಸೂದ ಕಲಿಸ್ಯಾರ. ಅದನ್ನ ನಾ ಮನ್ಯಾಗ ಕಲಿಸಿದ್ನೆಲ್ರೀ! ಅದಕ್ಕ ಸಾಲಿ ಯಾಕ? ಮಾಸ್ತರ ಯಾಕ? ಪಗಾರ ಯಾಕ? ಪಾಠ ಸುಳ್ಳ ಐತಿ ಅಂತ ಬರೀರಿ. ಬರಿಯೂದಿಲ್ಲಂದ್ರ ಬಿಡ್ರಿ. ನಾ ಊರ ತುಂಬ ಹೇಳ್ತೇನಿ."

"ವಾಹ್ ವಾ!" ಎಂದ ಮಶಾಕಸಾಬ. ಸಾಹೇಬರು ಮಫ್ಲರು ಕಿವಿಯ ಮೇಲೆ ಎಳೆದುಕೊಂಡರು.

ಗೌಡರು ಹೋಗುವ ಮುಂಚೆ ಕಿಟಕಿಯ ಬಳಿ ಬಂದು ಮೆಲ್ಲಗೆ ಹೇಳಿದರು. "ನಾಳಿ ನನ್ನ ಹೊಲಕ್ಕ ಹೆಂಗ ಕಾಲಿಡ್ತಿ ನೋಡ್ತೇನಿ."

"ಬರೂದಿಲ್ರಿ" ಎಂದಳು ಶಂಕ್ರೆವ್ವ. "ಕೇರ್ಯಾಗಿಂದ ಯಾರೂ ಬರೂದಿಲ್ಲ. ಜ್ವಾಳ ಉದರಾಕತ್ತೈತಿ. ಸಾಹೇಬ್ರಿಗೆ ಕುಡಗೋಲು ಕೊಡ್ರಿ, ಉಂಡ ಮ್ಯಾಲ ಕೊಯ್ತಾರ."

ಲಕ್ಕವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನನ್ನನ್ಯಾಕ ಕೂಡಸ್ತೀಯೇ" ಎಂದು ಗೊಣಗಿದಳು. ಆಮೇಲೆ ಗೌಡರ ಬೆನ್ನು ನೋಡಿ, "ನಾನೂ ಬರೂದಿಲ್ರಿ!" ಎಂದು ಕೂಗಿದಳು. ಕೂಗಿ ತಾನೇ ಬೆಚ್ಚಿದಳು. ಅವಳು ಬೆಚ್ಚಿದ್ದು ನೋಡಿ ಮತ್ತೆ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅಂಜಿಕೆ ಪೂರಾ ಹೋಗಿರಲಿಲ್ಲ. ನಾಳೆ ಒಲೆ ಹೊತ್ತುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೆ ಹೊಟ್ಟೆ ಹಗುರಾಗಿತ್ತು.

ನೆಲ ಒಣಗಿತು. ಸಾಹೇಬರು ಉಂಡು ಬರುವುದರೊಳಗೆ ಕೋಣೆ ಖಾಲಿಯಾಗಬೇಕು, ಗೌಡರ ಓಣಿಯ ಮಕ್ಕಳು ತಮ್ಮ ಸಾಲಿನಲ್ಲಿ, ತಮ್ಮ ಉತ್ತರದ ಜಾಗದಲ್ಲಿ ಕೂತಿರಬೇಕು. ಅದಕ್ಕೇ ಮಾಸ್ತರರು ಊಟಕ್ಕೆ ಹೋಗದೆ ಉಳಿದಿದ್ದರು. ಒಳಗೆ ಬಂದು ಮಕ್ಕಳ ಮುಂದೆ ನಿಂತರು.

"ನೆಲ ಒಣಗೈತಿ. ಏಳ್ರಿ. ಹೊರಗ ನಡೀರಿ."

ಯಾರೂ ಏಳಲಿಲ್ಲ. ಎತ್ತಿ ಹೊರಗೆ ಹಾಕಬೇಕೆಂದರೆ ಮುಟ್ಟಬೇಕು. ಮುಟ್ಟಿದರೆ ಮೈಲಿಗೆ, ಗೌಡರ ಪಂಕ್ತಿಯ ಹೋಳಿಗೆಯೂ ಇಲ್ಲ. ಬೆತ್ತದಿಂದ ಹೊಡೆಯಬೇಕೆಂದರೆ ಅದರ ಮೇಲೆ ಲಕ್ಕವ್ವ ಕೂತಿದ್ದಾಳೆ. ಕೇರಿಯವರನ್ನು ದೂರ ಇಡಲು ಯಾರೋ ಎಂದೋ ಕಟ್ಟಿದ ಬೇಲಿಯೇ ಇವತ್ತು ಅವರನ್ನು ಕಾಯುತ್ತಿತ್ತು.

"ಏ ಹೆಂಡಿ, ಏಳ!"

"ಆ ಹೆಸರಿನಾಕಿ ಇಲ್ಲಿ ಯಾರೂ ಇಲ್ರಿ" ಎಂದಳು ಚಂದವ್ವ. ಅವಳ ಕಣ್ಣಲ್ಲಿ ತಾಯಿಯ ನಗು ಕುಣಿಯುತ್ತಿತ್ತು. "ನನ್ನ ಹೆಸರ ಹಿಡದ ಕರೀರಿ."

ಗೌಡರ ಮನೆಯ ಕಡೆಯಿಂದ ಉಂಡವರ ಕೈ ತೊಳೆಯುವ ಸದ್ದು ಕೇಳಿತು. ಮಾಸ್ತರರು ಬಾಗಿಲ ಕಡೆ ನೋಡಿದರು, ಶಂಕ್ರೆವ್ವನ ಕಡೆ ನೋಡಿದರು. ಅವಳು ಗಲ್ಲ ಎತ್ತಿ ಮಗಳ ಕಡೆ ತೋರಿಸಿದಳು.

"ನಿನ್ನ ಹೆಸರೇನು?" ಎಂದು ಹಲ್ಲು ಕಡಿದು ಕೇಳಿದರು.

"ಚಂದವ್ವರಿ."

"ಚಂದವ್ವ!" ಎಂದು ಒದರಿದರು ಮಾಸ್ತರರು.

ಚಂದವ್ವ ತಟ್ಟನೆ ನೆಟ್ಟಗೆ ಕೂತು, ಗೌಡರ ಓಣಿಯ ಮಕ್ಕಳು ದಿನಾ ಒಳಗೆ ಕೂಗುವುದನ್ನು ಮರದ ಕೆಳಗಿನಿಂದ ಕೇಳಿದ್ದಳಲ್ಲ, ಹಾಗೆಯೇ ಗಟ್ಟಿಯಾಗಿ ಕೂಗಿದಳು.

"ಹಾಜರ್ರಿ!"

ಕಿಟಕಿಯ ಮಕ್ಕಳು ಹೋ ಎಂದವು. ಶಂಕ್ರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಸಾಲಿಯ ಗೋಡೆಗಳು ಎಂದೂ ಕೇಳಿರದಷ್ಟು ಜೋರಾಗಿ ನಕ್ಕಳು. ಮಾಸ್ತರರು ತೆರೆದ ಬಾಯಿ ಮುಚ್ಚದೆ ನಿಂತಿದ್ದರು. ಚಂದವ್ವನ ಪಕ್ಕದ ಹುಡುಗ ಸೋಮನಿಂಗ ಆಗಲೇ ಕೈ ಮೇಲೆತ್ತಿ, ತನ್ನ ಹೆಸರು ಕೇಳಲಿ ಎಂದು ಮಾಸ್ತರರ ಬಾಯನ್ನೇ ನೋಡುತ್ತಿದ್ದ.